ಎದೆಯುರಿ, ಹುಳಿತೇಗು, ಗಾಬರಿ: ಮನೆಮದ್ದು ಕೈಕೊಡುವುದೇಕೆ, ಯಾವುದನ್ನು ಮೊದಲು ಮಾಡಬೇಕು

ಜೀರಿಗೆ ನೀರು ಕುಡಿದಾಯಿತು, ತಣ್ಣನೆ ಹಾಲು ಕುಡಿದಾಯಿತು, ಮೆಡಿಕಲ್ ಶಾಪಿನಿಂದ ಗ್ಯಾಸಿನ ಗುಳಿಗೆಯೂ ಬಂತು. ಒಂದು ತಾಸು ಆರಾಮ, ರಾತ್ರಿ ಮಲಗಿದೊಡನೆ ಮತ್ತೆ ಅದೇ ಉರಿ. ಹೀಗೆ ಸೋಲುವವರಲ್ಲಿ ಹೆಚ್ಚಿನವರು ಆರಿಸಿದ ಮದ್ದು ತಪ್ಪಾಗಿರುವುದಿಲ್ಲ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿರುತ್ತಾರೆ, ಅಷ್ಟೇ. ಕೆಳಗಿನ ಕ್ರಮದಲ್ಲಿ ಮನೆಮದ್ದಿಗೆ ಏಳನೇ ಜಾಗ. ಮುಂಚಿನ ಆರನ್ನು ಹಾರಿಸಿ ಲೋಟಕ್ಕೆ ಕೈ ಹಾಕಿದರೆ ಮದ್ದು ಒಂದು ಕಡೆ ಉರಿ ತಣಿಸುತ್ತದೆ, ಹಾಸಿಗೆ, ಹೊತ್ತುಮೀರಿದ ಊಟ ಮತ್ತು ಟೆನ್ಷನ್ ಇನ್ನೊಂದು ಕಡೆ ಅದನ್ನೇ ಹೊತ್ತಿಸುತ್ತವೆ.

ಇಲ್ಲಿ ಹೇಳಿರುವುದು ವಯಸ್ಕರಿಗೆ. ಗರ್ಭಿಣಿಯರು, ಕಿಡ್ನಿ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಏಳನೇ ಹಂತವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಉಳಿದದ್ದನ್ನು ಅವರೂ ಮಾಡಬಹುದು.

ಉರಿಗೂ ಗಾಬರಿಗೂ ಕೊಂಡಿ ಎಲ್ಲಿದೆ

ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಒಂದು ಬಿಗಿ ಸ್ನಾಯು ಇದೆ. ತುಂಗಭದ್ರಾ ಕಾಲುವೆಯ ತೂಬಿನ ಹಾಗೆ ಅದು ಬೇಕಾದಾಗ ತೆರೆದು ಮುಚ್ಚಿಕೊಳ್ಳಬೇಕು. ಹೊಟ್ಟೆ ಬಿರಿಯುವಂತೆ ತಿಂದಾಗ, ತಿಂದು ಬಾಗಿದಾಗ, ತಂಬಾಕು ಹಾಕಿಕೊಂಡಾಗ ಅದು ಬೇಡದ ಹೊತ್ತಿನಲ್ಲಿ ಸಡಿಲಾಗುತ್ತದೆ. ಆಗ ಹೊಟ್ಟೆಯ ಹುಳಿ ಮೇಲೆ ಬರುತ್ತದೆ. ಈ ಸ್ನಾಯುವಿಗೆ ಹೊರಗಿನಿಂದ ಆಸರೆ ಕೊಡುವುದು ವಪೆ, ಎಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟ ನಡೆಸುವ ಸ್ನಾಯು. ಐದನೇ ಹಂತ ಪೂರ್ತಿ ನಿಂತಿರುವುದು ಇದರ ಮೇಲೆಯೇ.

ಟೆನ್ಷನ್ ಆದಾಗ ಹೊಟ್ಟೆಯಲ್ಲಿ ಹುಳಿ ಹೆಚ್ಚು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹುಳಿ ಇದ್ದಷ್ಟೇ ಇದ್ದು ಅದರ ಅರಿವು ಹೆಚ್ಚಾಗುವುದೂ ಸಾಮಾನ್ಯ. ಕಳವಳದಲ್ಲಿರುವ ಮಿದುಳು ಅನ್ನನಾಳದಿಂದ ಬರುವ ಸಣ್ಣ ಸುದ್ದಿಯನ್ನೂ ದೊಡ್ಡದಾಗಿ ಕೇಳಿಸಿಕೊಳ್ಳುತ್ತದೆ. ಜೊತೆಗೆ ಗಾಬರಿಯಾದವರು ಎದೆಯ ಮೇಲ್ಭಾಗದಿಂದ ಬಡಬಡ ಉಸಿರಾಡುತ್ತಾರೆ, ಗಾಳಿ ನುಂಗುತ್ತಾರೆ, ಹೊಟ್ಟೆ ಬಿಗಿ ಹಿಡಿಯುತ್ತಾರೆ. ಊಟ ಬಿಟ್ಟು ಚಹಾದಲ್ಲಿ ದಿನ ದೂಡುತ್ತಾರೆ. ಇವೆಲ್ಲ ಹುಳಿಯನ್ನು ಮೇಲಕ್ಕೆ ತಳ್ಳುವ ಕೆಲಸಗಳೇ. ಉರಿ ಎದ್ದೊಡನೆ "ಹಾರ್ಟ್ ಏನಾರ ಆತೇನು" ಎಂಬ ಭಯ, ಭಯದಿಂದ ಎದೆಬಡಿತ, ಎದೆಬಡಿತದಿಂದ ಇನ್ನಷ್ಟು ಉರಿ. ಬರೀ ಉರಿಗೆ ಅಥವಾ ಬರೀ ಗಾಬರಿಗೆ ಮದ್ದು ಮಾಡಿದರೆ ಈ ಸುತ್ತು ನಿಲ್ಲುವುದಿಲ್ಲ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ಕು, ಸೆಕೆಂಡ್ ಮುಳ್ಳಿನ ಗಡಿಯಾರ ಅಥವಾ ಫೋನಿನ ಟೈಮರ್, 5 ಮಿಲಿಯ ಅಳತೆ ಚಮಚ (ಔಷಧಿ ಬಾಟಲಿ ಜೊತೆ ಬರುತ್ತದಲ್ಲ, ಅದೇ ಸಾಕು), ನಾಲ್ಕು ಇಟ್ಟಿಗೆ ಅಥವಾ 6 ಇಂಚು ಎತ್ತರದ ಎರಡು ಕಟ್ಟಿಗೆ ತುಂಡು. ನೆಲದ ಮೇಲೆ ಮಲಗುವವರಿಗೆ ಒಂದು ಹಲಗೆ ಮತ್ತು ಎರಡು ದಪ್ಪ ಕೌದಿ. ಖರ್ಚಿನ ಬಾಬತ್ತು ಇಷ್ಟೇ.

ಹಂತ 1: ಇದು ಎದೆಯುರಿಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ

ಜೀವಕ್ಕೆ ಕುತ್ತು ತರುವ ತಪ್ಪು ಆಗುವುದು ಇಲ್ಲೇ. ಹೃದಯಾಘಾತವನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಕಾಯುವವರು ಪ್ರತಿ ಊರಿನಲ್ಲೂ ಇದ್ದಾರೆ.

ಎದೆಯಲ್ಲಿ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ನಡೆದರೆ ಹೆಚ್ಚಾಗಿ ನಿಂತರೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಫೋನ್ ಮಾಡಿ. ಬೈಕ್ ಹತ್ತಿ ತಾನೇ ಓಡಿಸಿಕೊಂಡು ಹೋಗುವುದು ಬೇಡ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಮೇಲ್ಹೊಟ್ಟೆಯ ಉರಿ, ವಾಂತಿ, ಸುಸ್ತು ಎಂದೂ ಹೃದಯಾಘಾತ ಕಾಣಿಸಿಕೊಳ್ಳಬಹುದು. ಆದ್ದರಿಂದ ಒಂದು ಕಟ್ಟುನಿಟ್ಟು: ಎದೆಯಲ್ಲಿ ಇಂಥ ತೊಂದರೆ ಜೀವನದಲ್ಲಿ ಮೊದಲ ಸಲ ಬಂದಿದ್ದರೆ ಅದಕ್ಕೆ ಮನೆಮದ್ದಿಲ್ಲ, ಇಸಿಜಿ ಆಗಲೇಬೇಕು. ಒಂದು ಇಸಿಜಿ ಸರಿ ಬಂದ ಮೇಲೂ ನೋವು ಮುಂದುವರಿದರೆ ಅಲ್ಲೇ ಇರಿ. ಆರಂಭದಲ್ಲಿ ಇಸಿಜಿ ಸರಿಯಾಗಿಯೇ ಕಾಣಬಹುದು, ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ರಕ್ತ ಪರೀಕ್ಷೆಯೂ ಬೇಕಾಗುತ್ತದೆ.

ತುರ್ತಲ್ಲದಿದ್ದರೂ ತಡ ಮಾಡಬಾರದ ಲಕ್ಷಣಗಳು ಬೇರೆ ಇವೆ. ತುತ್ತು ಎದೆಯಲ್ಲಿ ಸಿಕ್ಕಿಹಾಕಿಕೊಂಡಂತಾಗುವುದು, ಪ್ರಯತ್ನಪಡದೆ ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಉರಿ. ಇವಕ್ಕೆ ಎಂಡೋಸ್ಕೋಪಿ (ಬಾಯಿಂದ ಸಣ್ಣ ಕೊಳವೆ ಇಳಿಸಿ ಅನ್ನನಾಳ, ಹೊಟ್ಟೆಯ ಒಳಗೆ ನೋಡುವ ಪರೀಕ್ಷೆ) ಬೇಕೋ ಬೇಡವೋ ಎಂದು ವೈದ್ಯರು ಹೇಳಬೇಕು. ರಕ್ತವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ ಮಾತ್ರ ಅದು ತುರ್ತೇ, ತಕ್ಷಣ ಆಸ್ಪತ್ರೆ. ಕಬ್ಬಿಣಾಂಶದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಅದನ್ನು ಹೇಳಿಬಿಡಿ.

ಹಂತ 2: ಎರಡು ವಾರ ಲೆಕ್ಕ ಬರೆಯಿರಿ

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ಹೊತ್ತು, ತಿಂದದ್ದು ಕುಡಿದದ್ದು, ಉರಿ (0ಯಿಂದ 10), ಗಾಬರಿ (0ಯಿಂದ 10), ಆ ಹೊತ್ತಿಗೆ ಏನು ನಡೆದಿತ್ತು. ಒಂದು ದಿನದ ಸಾಲು ಹೀಗೆ ಕಾಣಬೇಕು: "ರಾತ್ರಿ 9:40, ಮೂರು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. 10:15ಕ್ಕೆ ಮಲಗಿದ್ದು. 11:30ಕ್ಕೆ ಉರಿ 7, ಗಾಬರಿ 8. ಸಂಜೆ ಸಾಲದವರ ಫೋನ್ ಬಂದಿತ್ತು." ಕೊನೆಯ ಕಾಲಂ ಬಿಡಬೇಡಿ. ಎಲ್ಲರೂ ಬಿಡುವುದು ಅದನ್ನೇ, ಉತ್ತರ ಸಿಗುವುದೂ ಬಹಳ ಸಲ ಅಲ್ಲೇ.

ಬರೆಯುವ ಎರಡು ವಾರ ಮೂರನೇ ಮತ್ತು ಐದನೇ ಹಂತ ಶುರು ಮಾಡಬಹುದು, ಆದರೆ ಊಟ ಬದಲಿಸಬೇಡಿ. ಒಂದೇ ದಿನ ಖಾರ, ಚಹಾ, ಎಣ್ಣೆ, ಹುಣಸೆಹುಳಿ ಎಲ್ಲ ಬಿಟ್ಟರೆ ಉರಿ ಕಡಿಮೆಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಹದಿನೈದು ದಿನ ಬರೀ ಅನ್ನ, ತಿಳಿಸಾರು ಉಂಡು ಬೇಜಾರಾಗಿ ಮತ್ತೆ ಎಲ್ಲದಕ್ಕೂ ಮರಳುವುದೇ ಆಗುತ್ತದೆ. ಇನ್ನು ಕೆಲವರಿಗೆ ಅನ್ನದ ಮೇಲೇ ಭಯ ಹುಟ್ಟಿ ತೂಕ ಇಳಿಯುತ್ತದೆ. ಆ ತೂಕ ಇಳಿದದ್ದನ್ನು ನೋಡಿ ಇನ್ನೊಂದು ಗಾಬರಿ.

ಎರಡು ವಾರದ ನಂತರ ಹಾಳೆ ತಿರುವಿ. ಉರಿ ಊಟ, ಮಲಗುವುದು, ಬಾಗುವುದಕ್ಕೆ ಅಂಟಿಕೊಂಡಿದ್ದರೆ ನಿಮ್ಮ ಹೆಚ್ಚಿನ ಕೆಲಸ ಮೂರು ಮತ್ತು ನಾಲ್ಕನೇ ಹಂತದಲ್ಲಿದೆ. ಉರಿಗಿಂತ ತಾಸೆರಡು ತಾಸು ಮೊದಲೇ ಗಾಬರಿಯ ಅಂಕ ಏರುತ್ತಿದ್ದರೆ, ಅಥವಾ ಏನೂ ತಿನ್ನದಿದ್ದಾಗಲೂ ಉರಿ ಬರುತ್ತಿದ್ದರೆ ಐದು ಮತ್ತು ಆರಕ್ಕೆ ಒತ್ತು ಕೊಡಿ.

ಹಂತ 3: ಹಾಸಿಗೆ ಸರಿಮಾಡಿ

ರಾತ್ರಿ ಉರಿಗೆ ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಉಪಾಯ ಬೇರೆ ಇಲ್ಲ. ಮಂಚದ ತಲೆಕಡೆಯ ಎರಡೂ ಕಾಲುಗಳ ಕೆಳಗೆ 6ರಿಂದ 8 ಇಂಚು ಎತ್ತರ ಕೊಡಿ. ಮಾಮೂಲಿ ಇಟ್ಟಿಗೆ 3 ಇಂಚು ದಪ್ಪ ಇರುತ್ತದೆ, ಮಲಗಿಸಿ ಎರಡು ಒಂದರ ಮೇಲೊಂದು ಇಟ್ಟರೆ 6 ಇಂಚು. ಮಂಚದ ಕಾಲು ಜಾರದಂತೆ ಮೇಲೆ ಗೋಣಿತಟ್ಟು ಹಾಕಿ, ಮಲಗುವ ಮುಂಚೆ ಒಮ್ಮೆ ಅಲುಗಾಡಿಸಿ ನೋಡಿ.

ದಿಂಬಿನ ಮೇಲೆ ದಿಂಬು ಪೇರಿಸುವುದು ಬೇರೆ, ಇದು ಬೇರೆ. ಎರಡು ದಿಂಬು ಹಾಕಿದರೆ ಕತ್ತು ಮಾತ್ರ ಏರುತ್ತದೆ, ಸೊಂಟದ ಬಳಿ ಮೈ ಮಡಚಿ ಹೊಟ್ಟೆ ಒತ್ತುತ್ತದೆ, ಹುಳಿ ಇನ್ನೂ ಮೇಲೆ ಬರುತ್ತದೆ. ಸೊಂಟದಿಂದ ತಲೆಯವರೆಗೆ ಇಳಿಜಾರು ಒಂದೇ ಸಮ ಇರಬೇಕು. ನೆಲದಲ್ಲಿ ಮಲಗುವವರು ಹಲಗೆಯ ಒಂದು ತುದಿಯನ್ನು ಇಟ್ಟಿಗೆ ಮೇಲಿಟ್ಟು, ಇನ್ನೊಂದು ತುದಿ ಸೊಂಟದ ಹತ್ತಿರ ನೆಲಕ್ಕೆ ತಾಕುವಂತೆ ಮಾಡಿ, ಮೇಲೆ ಕೌದಿ ಹಾಸಬೇಕು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹೊರಸಿನಲ್ಲಿ ಮಲಗುವ ರೂಢಿ ಇದ್ದವರು ಹೊರಸಿನ ನೂಲು ಬಿಗಿಯಾಗಿದೆಯೇ ನೋಡಿ. ನಡುವೆ ಜೋತುಬಿದ್ದ ಹೊರಸು ಮೈಯನ್ನು ತೊಟ್ಟಿಲಲ್ಲಿ ಹಾಕಿದಂತೆ ಮಡಚುತ್ತದೆ. ರಾಯಚೂರು ಬಿಸಿಲಿನ ತಿಂಗಳಲ್ಲಿ ಮಾತ್ರ ಉರಿ ಹೆಚ್ಚು ಎನ್ನುವವರು ಬಿಸಿಲನ್ನು ದೂರುವ ಮುಂಚೆ ಹೊರಸನ್ನೂ ನೋಡಲಿ.

ಎಡಮಗ್ಗುಲಾಗಿ ಮಲಗಿ. ಹೊಟ್ಟೆಯ ಆಕಾರದಿಂದಾಗಿ ಎಡಕ್ಕೆ ಮಲಗಿದಾಗ ಹುಳಿ ಅನ್ನನಾಳದ ಬಾಯಿಗಿಂತ ಕೆಳಗೆ ಉಳಿಯುತ್ತದೆ, ಬಲಕ್ಕೆ ಮಲಗಿದರೆ ಮೇಲೆ ಬರುತ್ತದೆ. ನಿದ್ದೆಯಲ್ಲಿ ಹೊರಳುವವರು ಬೆನ್ನಿನ ಹಿಂದೆ ಒಂದು ದಿಂಬು ಒತ್ತಾಗಿ ಇಟ್ಟುಕೊಳ್ಳಿ.

ಹಂತ 4: ತಾಟು ಮತ್ತು ಗಡಿಯಾರ

ಏನು ತಿನ್ನುತ್ತೀರಿ ಎನ್ನುವುದಕ್ಕಿಂತ ಎಷ್ಟು, ಯಾವಾಗ ಎನ್ನುವುದು ಮೊದಲು ಸರಿಯಾಗಬೇಕು.

ಊಟಕ್ಕೂ ಮಲಗುವುದಕ್ಕೂ 3 ತಾಸು ಅಂತರ ಬೇಕು. ಹತ್ತೂವರೆಗೆ ಮಲಗುವವರು ಏಳೂವರೆಗೆ ಉಂಡಿರಬೇಕು. ಅಂಗಡಿ ಮುಚ್ಚಿ ಹತ್ತಕ್ಕೆ ಮನೆಗೆ ಬರುವವರು ಸಂಜೆ ಏಳಕ್ಕೆ ಅಂಗಡಿಯಲ್ಲೇ ಡಬ್ಬಿ ಮುಗಿಸಿ, ಮನೆಗೆ ಬಂದು ಸಣ್ಣ ಬಟ್ಟಲು ಗಂಜಿ ಕುಡಿಯುವುದು ಒಳ್ಳೆಯದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮಾಡುವವರು ಈ 3 ತಾಸನ್ನು ತಾವು ಮಲಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ದೊಡ್ಡ ಊಟ ಡ್ಯೂಟಿಗೆ ಹೋಗುವ ಮುಂಚೆ, ನಡುರಾತ್ರಿ ಹಗುರ ತಿಂಡಿ. ಪಾಳಿ ಬಿಟ್ಟ ಮೇಲೆ ಹೊಟ್ಟೆತುಂಬ ನಾಷ್ಟಾ ಮಾಡಿ ನೇರ ಹಾಸಿಗೆಗೆ ಹೋಗುವುದೇ ಇವರ ಉರಿಯ ಮೂಲ.

ಮೂರು ರೊಟ್ಟಿ ಉಣ್ಣುವವರು ಎರಡಕ್ಕೆ ನಿಲ್ಲಿಸಿ, ಎರಡು ತಾಸು ಬಿಟ್ಟು ಹಸಿವಾದರೆ ಏನಾದರೂ ತಿನ್ನಿ. ಉಣ್ಣುವಾಗ ಗುಟುಕು ಗುಟುಕಾಗಿ ನೀರು ಸಾಕು, ಊಟ ಮುಗಿಸಿ ಒಂದೇ ಉಸಿರಿಗೆ ಚೊಂಬು ಎತ್ತಬೇಡಿ. ಜೋಳದ ರೊಟ್ಟಿ, ಜೋಳದ ನುಚ್ಚು, ಹೆಸರುಬೇಳೆ, ಹೀರೇಕಾಯಿ, ಸೋರೆಕಾಯಿ ಹೆಚ್ಚಿನವರಿಗೆ ಒಗ್ಗುತ್ತವೆ. ಅನ್ನನಾಳ ಉರಿದು ಕೆಂಪಾಗಿರುವಾಗ ಖಡಕ್ ರೊಟ್ಟಿ ಮುರಿದು ಹಾಗೇ ಕಡಿಯಬೇಡಿ, ಬೇಳೆಯಲ್ಲಿ ನೆನೆಸಿ ತಿನ್ನಿ. ಪುಂಡಿಪಲ್ಯ ಹುಳಿ, ಮೇಲೆ ಬೆಳ್ಳುಳ್ಳಿ ಎಣ್ಣೆಯ ಒಗ್ಗರಣೆ ಬೇರೆ. ಬಿಡಬೇಕಾಗಿಲ್ಲ, ಮಧ್ಯಾಹ್ನಕ್ಕಿರಲಿ, ರಾತ್ರಿ ಬೇಡ.

ಇನ್ನು ಮಿರ್ಚಿ ಬಜ್ಜಿ. ಒಗ್ಗರಣೆ ಮಂಡಕ್ಕಿ ಜೊತೆ ಬಜ್ಜಿ ಇಲ್ಲದ ಬೆಳಗ್ಗೆ ಬಳ್ಳಾರಿಯವರಿಗೆ ಬೆಳಗ್ಗೆಯೇ ಅಲ್ಲ, ಅದನ್ನು ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಆದರೆ ಉರಿ ಬರುವುದು ಬರೀ ಮೆಣಸಿನಕಾಯಿಯಿಂದ ಎಂದುಕೊಳ್ಳಬೇಡಿ. ಹಿಟ್ಟು ಹೀರಿಕೊಂಡ ಎಣ್ಣೆ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಖಾಲಿ ಹೊಟ್ಟೆಯ ಚಹಾ ಅದಕ್ಕೆ ಸೇರಿಕೊಳ್ಳುತ್ತದೆ. ಮೊದಲು ಒಗ್ಗರಣೆ ತಿಂದು, ಬಜ್ಜಿ ಒಂದೇ ತೆಗೆದುಕೊಂಡು, ಸೀಳಿ ಬೀಜ ಮತ್ತು ಒಳಗಿನ ಬಿಳಿ ನಾರು ತೆಗೆದು ತಿನ್ನಿ. ಮೆಣಸಿನಕಾಯಿಯ ಖಾರ ಹೆಚ್ಚಾಗಿರುವುದು ಆ ನಾರಿನಲ್ಲೇ. ವಾರಕ್ಕೆ ಎರಡು ದಿನಕ್ಕಿಳಿಸಿ, ಪುಸ್ತಕದಲ್ಲಿ ಆ ದಿನಗಳ ಅಂಕ ಬೇರೆಯಾಗಿ ನೋಡಿ. ಅಂಕ ಏರದಿದ್ದರೆ ನಿಮ್ಮ ವೈರಿ ಬಜ್ಜಿ ಅಲ್ಲ.

ಚಹಾ, ತಂಬಾಕು, ಗುಟ್ಕಾ ಇವು ಎರಡೂ ಕಡೆ ಹೊಡೆಯುತ್ತವೆ: ಬಿಗಿ ಸ್ನಾಯುವನ್ನು ಸಡಿಲಿಸುತ್ತವೆ, ಎದೆಬಡಿತವನ್ನೂ ಏರಿಸುತ್ತವೆ. ಆ ಎದೆಬಡಿತವೇ ಗಾಬರಿ ಎನಿಸುತ್ತದೆ. ದಿನಕ್ಕೆ ಆರು ಚಹಾ ಇದ್ದರೆ ಮೂರು ದಿನಕ್ಕೊಂದರಂತೆ ಕಡಿಮೆ ಮಾಡುತ್ತ ಎರಡಕ್ಕೆ ತನ್ನಿ. ಒಮ್ಮೆಲೇ ಬಿಟ್ಟರೆ ತಲೆನೋವು, ಸಿಡುಕು ಬರುತ್ತದೆ. ಖಾಲಿ ಹೊಟ್ಟೆಗೆ ಬೇಡ, ಸಂಜೆ ನಾಲ್ಕರ ಮೇಲೆ ಬೇಡ. ಸಾರಾಯಿ ಕುಡಿದರೆ ನಿದ್ದೆ ಬರುತ್ತದೆ ಎನ್ನುವವರಿಗೆ ನಡುರಾತ್ರಿ ಉರಿಯೂ ಗಾಬರಿಯೂ ಒಟ್ಟಿಗೆ ಎಬ್ಬಿಸುತ್ತವೆ.

ಉಂಡ ತಕ್ಷಣ ಬಾಗುವ ಕೆಲಸ ಬೇಡ. ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿ ಮಾಡುವವರಿಗೆ ಇದು ಸುಲಭದ ಮಾತಲ್ಲ. ಅವರು ಬುತ್ತಿಯನ್ನು ಎರಡು ಭಾಗ ಮಾಡಿ ಎರಡು ಹೊತ್ತಿಗೆ ತಿನ್ನಬಹುದು, ಉಂಡ ಮೇಲಿನ ಅರ್ಧ ತಾಸು ಸಸಿ ಹೊರುವುದು, ನೀರು ಬಿಡುವುದು ಇಂಥ ನಿಂತು ಮಾಡುವ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಉಡದಾರ, ಲಂಗದ ಲಾಡಿ, ಬೆಲ್ಟು ಊಟಕ್ಕೆ ಮುಂಚೆ ಒಂದು ಬೆರಳು ಸಡಿಲಿಸಿ. ಹೊಟ್ಟೆಯ ಬೊಜ್ಜು ಇದ್ದವರಿಗೆ ನಾಲ್ಕೈದು ಕಿಲೋ ಇಳಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 5: ಹೊಟ್ಟೆಯಿಂದ ಉಸಿರಾಡುವುದು

ಉರಿ ಮತ್ತು ಗಾಬರಿ ಎರಡಕ್ಕೂ ಒಟ್ಟಿಗೆ ಕೆಲಸ ಮಾಡುವ ಹಂತ ಇದು. ಬಹಳ ಜನ ಎರಡು ದಿನ ಮಾಡಿ ಬಿಡುವುದೂ ಇದನ್ನೇ. ವಪೆಗೆ ಕಸರತ್ತು ಸಿಕ್ಕರೆ ಬಿಗಿ ಸ್ನಾಯುವಿಗೆ ಆಸರೆ ಹೆಚ್ಚುತ್ತದೆ, ನಿಧಾನವಾಗಿ ಹೊರಬಿಡುವ ಉಸಿರು ಎದೆಬಡಿತವನ್ನು ಇಳಿಸುತ್ತದೆ.

1. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂಡಿ. ಕಲಿಯುವ ಮೊದಲ ಮೂರು ದಿನ ಮಾತ್ರ ಅಂಗಾತ ಮಲಗಿ ಮಂಡಿ ಮಡಚಿ ಮಾಡಬಹುದು, ಅದೂ ಖಾಲಿ ಹೊಟ್ಟೆಯಲ್ಲಿ.

2. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕಳ ಮೇಲೆ.

3. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಿ. ಹೊಕ್ಕಳ ಮೇಲಿನ ಕೈ ಏರಬೇಕು, ಎದೆ ಮೇಲಿನದು ಅಲುಗಬಾರದು.

4. ತುಟಿ ಸ್ವಲ್ಪ ತೆರೆದು 6 ಎಣಿಸುವಷ್ಟು ಹೊತ್ತು ಬಿಡಿ. ನಿಮಿಷಕ್ಕೆ ಆರು ಉಸಿರು ಲೆಕ್ಕ.

5. ಐದು ನಿಮಿಷದಿಂದ ಶುರು ಮಾಡಿ ವಾರದೊಳಗೆ ಹತ್ತಕ್ಕೆ ಏರಿಸಿ. ದಿನಕ್ಕೆ ಮೂರು ಸಲ, ಅದರಲ್ಲಿ ಎರಡು ಸಲ ಊಟವಾದ ಮೇಲೆ ಕೂತೇ ಮಾಡಿ. ಹುಳಿ ಮೇಲೆ ಬರುವುದು ಆಗಲೇ ಹೆಚ್ಚು.

ತಲೆ ಸುತ್ತಿದರೆ ನೀವು ಅತಿ ಆಳವಾಗಿ ಎಳೆಯುತ್ತಿದ್ದೀರಿ. ಉಸಿರು ನಿಧಾನವಾಗಬೇಕೇ ಹೊರತು ದೊಡ್ಡದಾಗಬಾರದು. ಹೊಟ್ಟೆಯನ್ನು ಬಲವಂತವಾಗಿ ಮುಂದೆ ನೂಕುವುದು ಇನ್ನೊಂದು ತಪ್ಪು. ಮತ್ತೆ ಮತ್ತೆ ತೇಗುವ ಅಭ್ಯಾಸ ಬಿದ್ದವರಿಗೆ ಇದು ವಿಶೇಷವಾಗಿ ಒಗ್ಗುತ್ತದೆ. ತೇಗಬೇಕು ಎನಿಸಿದಾಗ ಬಾಯಿ ಸ್ವಲ್ಪ ತೆರೆದಿಟ್ಟು ಈ ಉಸಿರು ಹತ್ತು ಸಲ ಮಾಡಿ, ಗಾಳಿ ನುಂಗುವುದು ನಿಂತರೆ ತೇಗೂ ನಿಲ್ಲುತ್ತದೆ.

ಪ್ರಾಣಾಯಾಮ ಗೊತ್ತು ಎನ್ನುವವರಿಗೆ ಒಂದು ಮಾತು: ಕಪಾಲಭಾತಿ, ಭಸ್ತ್ರಿಕಾ ಹೊಟ್ಟೆಯನ್ನು ಒತ್ತುತ್ತವೆ, ಉರಿ ಇರುವಾಗ ಬೇಡ. ಶೀರ್ಷಾಸನ, ಸರ್ವಾಂಗಾಸನ, ಮುಂದಕ್ಕೆ ಬಾಗುವ ಆಸನಗಳೂ ಬೇಡ.

ಹಂತ 6: ನಡುರಾತ್ರಿ ಗಾಬರಿ ಎದ್ದಾಗ

ಈ ಹಂತ ಮೊದಲನೆಯದನ್ನು ಮುಗಿಸಿದವರಿಗೆ ಮಾತ್ರ, ಎಂದರೆ ವೈದ್ಯರು ನೋಡಿ ಹೃದಯ ಸರಿಯಿದೆ ಎಂದವರಿಗೆ. ಒಂದು ಚೀಟಿಯಲ್ಲಿ ಇಸಿಜಿ ಆದ ತಾರೀಖು, ವೈದ್ಯರು ಹೇಳಿದ ಮಾತು ಬರೆದು ದಿಂಬಿನ ಪಕ್ಕ ಇಡಿ.

ಎದ್ದು ಕೂಡಿ, ಬಟ್ಟೆ ಸಡಿಲಿಸಿ, ಕಾಲು ನೆಲಕ್ಕೆ ಊರಿ. ಗಡಿಯಾರ ನೋಡಿ ಹೊತ್ತು ಗುರುತು ಮಾಡಿ. ಎರಡು ಗುಟುಕು ಉಗುರುಬೆಚ್ಚಗಿನ ನೀರು. ಐದನೇ ಹಂತದ ಉಸಿರು ಇಪ್ಪತ್ತು. ಚೀಟಿ ಓದಿ. ಹತ್ತು ನಿಮಿಷ ನಿಧಾನವಾಗಿ ಮನೆಯೊಳಗೇ ಓಡಾಡಿ. ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ತಾಸಿನೊಳಗೆ ಬಹುಪಾಲು ಇಳಿಯುತ್ತದೆ. ಇಳಿಯದೆ ಏರುತ್ತಲೇ ಹೋದರೆ, ಒತ್ತುವ ನೋವು, ಬೆವರು, ಕೈಗೆ ಹರಡುವುದು ಹೊಸದಾಗಿ ಸೇರಿದರೆ ಚೀಟಿಯ ಮಾತು ಅಲ್ಲಿಗೆ ರದ್ದು. 108.

ಆ ಹೊತ್ತಿನಲ್ಲಿ ಮಾಡಬಾರದವು ಮೂರು. ನಾಡಿ ಹಿಡಿದು ಎಣಿಸುತ್ತ ಕೂರುವುದು, ಫೋನಿನಲ್ಲಿ ರೋಗಲಕ್ಷಣ ಹುಡುಕುವುದು, ಮನೆಯವರನ್ನೆಲ್ಲ ಎಬ್ಬಿಸಿ "ನನಗೇನೂ ಆಗಲ್ಲ ಅಲ್ವಾ" ಎಂದು ಮತ್ತೆ ಮತ್ತೆ ಕೇಳುವುದು. ಮೂರೂ ಐದು ನಿಮಿಷ ಧೈರ್ಯ ಕೊಟ್ಟು ಮುಂದಿನ ರಾತ್ರಿಯ ಭಯವನ್ನು ಗಟ್ಟಿ ಮಾಡುತ್ತವೆ. ಹೊಸ ಲಕ್ಷಣವಿಲ್ಲದೆ ವಾರಕ್ಕೊಂದು ಇಸಿಜಿ ತೆಗೆಸುವುದೂ ಇದೇ ಜಾತಿ. ಮನೆಯವರು ಆಗ ಬಯ್ಯುವುದೂ ಬೇಡ, ಗಾಬರಿಬಿದ್ದು ಓಡಾಡುವುದೂ ಬೇಡ. ಪಕ್ಕದಲ್ಲಿ ಕೂತು ಉಸಿರು ಎಣಿಸಿಕೊಟ್ಟರೆ ಸಾಕು.

ಹಗಲಿನ ಕೆಲಸ ಒಂದಿದೆ. ಸಂಜೆ ಆರಕ್ಕೆ ಹದಿನೈದು ನಿಮಿಷ ಕೂತು ತಲೆಯಲ್ಲಿ ಕೊರೆಯುತ್ತಿರುವುದನ್ನೆಲ್ಲ ಬರೆಯಿರಿ: ಸಾಲದ ಕಂತು, ಮಗಳ ಫೀಸು, ಹತ್ತಿಯ ರೇಟು. ಪ್ರತಿಯೊಂದರ ಮುಂದೆ ನಾಳೆ ಮಾಡಬಹುದಾದ ಒಂದು ಕೆಲಸ ಬರೆಯಿರಿ, ಇಲ್ಲದಿದ್ದರೆ "ಕೈಯಲ್ಲಿಲ್ಲ" ಎಂದು ಬರೆಯಿರಿ. ಹಾಸಿಗೆಯಲ್ಲಿ ಅದೇ ಯೋಚನೆ ಬಂದರೆ ನಾಳೆ ಆರಕ್ಕೆ ಎಂದು ಮುಂದೂಡಿ. ದುಡ್ಡಿನ ಮಾತನ್ನು ರಾತ್ರಿ ತಾಟಿನ ಮುಂದೆ ತೆಗೆಯದಿರುವುದು ಮನೆಯವರೆಲ್ಲ ಪಾಲಿಸಬೇಕಾದ ನಿಯಮ.

ಹಂತ 7: ಈಗ ಮನೆಮದ್ದು

ಒಂದು ಸಲಕ್ಕೆ ಒಂದೇ ಮದ್ದು, ಒಂದು ವಾರ. ಪುಸ್ತಕದ ಅಂಕ ಇಳಿಯದಿದ್ದರೆ ಬಿಟ್ಟು ಮುಂದಿನದು.

ಜೀರಿಗೆ ನೀರು: ಒಂದು ಚಮಚ ಜೀರಿಗೆ, 400 ಮಿಲಿ ನೀರು, ಸಣ್ಣ ಉರಿಯಲ್ಲಿ ಐದು ನಿಮಿಷ. ಸೋಸಿ, ಬೆಚ್ಚಗೆ 100 ಮಿಲಿ, ಎರಡು ಊಟದ ನಂತರ. ಹೊಟ್ಟೆಯುಬ್ಬರಕ್ಕೆ ಒಳ್ಳೆಯದು, ಹುಳಿಯನ್ನು ಇದು ತಡೆಯುವುದಿಲ್ಲ. ನಮ್ಮ ಸೆಕೆಗೆ ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ.

ಸೋಂಪು: ಅರ್ಧ ಚಮಚ, ಸಕ್ಕರೆ ಬಣ್ಣ ಲೇಪಿಸದ್ದು, ಐದು ನಿಮಿಷ ಅಗಿಯಬೇಕು. ಅಗಿಯುವಾಗ ಊರುವ ಜೊಲ್ಲು ಅನ್ನನಾಳದ ಹುಳಿಯನ್ನು ತೊಳೆದು ಇಳಿಸುತ್ತದೆ. ಅದಕ್ಕೇ ಬಾಯಿಗೆ ಹಾಕಿ ನುಂಗಿಬಿಟ್ಟರೆ ಉಪಯೋಗವಿಲ್ಲ.

ಮಜ್ಜಿಗೆ: ಅಂದೇ ಹೆಪ್ಪಾದ, ಹುಳಿಯಾಗದ ಮೊಸರು ಎರಡು ದೊಡ್ಡ ಚಮಚ, ನೀರು 200 ಮಿಲಿ, ಹುರಿದ ಜೀರಿಗೆ ಪುಡಿ ಒಂದು ಚಿಟಿಕೆ. ಹಸಿಮೆಣಸಿನಕಾಯಿ ಬೇಡ. ಬೆಳಗ್ಗೆಯ ಮೊಸರು ಬೇಸಿಗೆಯ ಸಂಜೆಗೆ ಹುಳಿ ಹಿಡಿದಿರುತ್ತದೆ, ಮಧ್ಯಾಹ್ನ ಒಗ್ಗಿದ ಮಜ್ಜಿಗೆ ರಾತ್ರಿ ಉರಿ ತರುವುದು ಹೀಗೆ.

ಇಸಬ್‌ಗೋಲ್: ಮಲಬದ್ಧತೆ ಇರುವವರಿಗೆ. ಮಲಕ್ಕೆ ಕೂತಾಗ ತಿಣುಕುವುದರಿಂದಲೂ ಹೊಟ್ಟೆಯ ಒತ್ತಡ ಏರುತ್ತದೆ. ಒಂದು ಚಮಚವನ್ನು 250 ಮಿಲಿ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು, ಮೇಲೆ ಅರ್ಧ ಲೋಟ ನೀರು. ಒಣಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ. ನುಂಗಲು ತೊಂದರೆ ಇರುವವರಿಗೆ ಇದು ಬೇಡವೇ ಬೇಡ. ಬೇರೆ ಗುಳಿಗೆಗಳಿಗೂ ಇದಕ್ಕೂ ಎರಡು ತಾಸು ಅಂತರವಿರಲಿ.

ತಣ್ಣನೆ ಹಾಲು: ಅರ್ಧ ಲೋಟ ಹಗಲಿನಲ್ಲಿ ನಡೆದೀತು. ಕುಡಿದಾಗ ತಂಪು, ಆಮೇಲೆ ಹಾಲಿನ ಪ್ರೋಟೀನು ಮತ್ತು ಕೊಬ್ಬಿನಿಂದ ಹೊಟ್ಟೆಗೆ ಮತ್ತೆ ಕೆಲಸ ಹತ್ತುತ್ತದೆ. ಮಲಗುವ ಹೊತ್ತಿಗೆ ದೊಡ್ಡ ಲೋಟ ಕುಡಿಯುವುದು ತಪ್ಪು.

ಶುಂಠಿ: ಬೆರಳ ಗೆಣ್ಣಿನ ಅರ್ಧದಷ್ಟು, ದಿನಕ್ಕೊಮ್ಮೆ. ಹೆಚ್ಚಾದರೆ ಅದೇ ಉರಿಸುತ್ತದೆ.

ಒಳ್ಳೆಯದೆಂದು ಹೇಳಿ ಕೊಡುವ, ಆದರೆ ಕೆಡುಕು ಮಾಡಬಲ್ಲವು ಇನ್ನು ಕೆಲವು. ಪುದೀನ ಬಿಗಿ ಸ್ನಾಯುವನ್ನೇ ಸಡಿಲಿಸುತ್ತದೆ. ನಿಂಬೆರಸ, ಆ್ಯಪಲ್ ಸೈಡರ್ ವಿನೆಗರ್ ಉರಿದ ಜಾಗಕ್ಕೆ ಮತ್ತೆ ಹುಳಿ ಸುರಿದಂತೆ. ಜೇಷ್ಠಮಧು ತಂಪೆನಿಸಿದರೂ ದಿನಗಟ್ಟಲೆ ತಿಂದರೆ ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ; ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರಿಗೂ ಗರ್ಭಿಣಿಯರಿಗೂ ಸಲ್ಲದು. ಅಡುಗೆ ಸೋಡಾ ಅರ್ಧ ಚಮಚದಲ್ಲಿ 600 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇದೆ, ಹೊಟ್ಟೆ ತುಂಬಿರುವಾಗ ಕುಡಿದರೆ ಎದ್ದ ಗಾಳಿ ಹುಳಿಯನ್ನೂ ಎತ್ತಿಕೊಂಡು ಬರುತ್ತದೆ. ನೊರೆಯೇಳುವ ಗ್ಯಾಸಿನ ಪುಡಿಗಳೂ ಬಹುತೇಕ ಇದೇ ಸಾಮಾನು. ಎಂದಾದರೊಮ್ಮೆ ಸರಿ, ದಿನಾ ಬೇಡ. ಗಾಬರಿಗೆಂದು ಅಶ್ವಗಂಧ ತಿನ್ನುವವರಲ್ಲಿ ಕೆಲವರಿಗೆ ಹೊಟ್ಟೆ ಕೆಡುತ್ತದೆ, ಅಪರೂಪಕ್ಕೆ ಯಕೃತ್ತಿಗೆ ಏಟು ಬಿದ್ದದ್ದೂ ವರದಿಯಾಗಿದೆ. ಥೈರಾಯ್ಡ್ ಗುಳಿಗೆ ನುಂಗುವವರು ಕೇಳದೆ ಮುಟ್ಟಬಾರದು.

ಹಂತ 8: ನುಂಗುತ್ತಿರುವ ಗುಳಿಗೆಗಳನ್ನು ನೋಡಿ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಗುಳಿಗೆ ಬೆಳಗಿನ ನಾಷ್ಟಾಕ್ಕಿಂತ 30ರಿಂದ 60 ನಿಮಿಷ ಮೊದಲು, ನೀರಿನ ಜೊತೆ. ಊಟವಾದ ಮೇಲೆ ಅಥವಾ ಚಹಾದ ಜೊತೆ ನುಂಗಿ "ಇದು ನನಗೆ ಕೆಲಸ ಮಾಡಲ್ಲ" ಎನ್ನುವವರು ಬಹಳ. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಕೆಲವು ವಾರ ಹುಳಿ ಮೊದಲಿಗಿಂತ ಹೆಚ್ಚಾಗಿ ಬರಬಹುದು. ಅದನ್ನು ರೋಗ ಉಲ್ಬಣಿಸಿತು ಎಂದುಕೊಂಡು ಗಾಬರಿಪಡುತ್ತಾರೆ. ನಿಲ್ಲಿಸುವಾಗ ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು.

ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯ ಒಳಪದರಕ್ಕೆ ಹುಣ್ಣು ಮಾಡಬಲ್ಲವು. ಬಿಪಿಯ ಅಮ್ಲೊಡಿಪಿನ್ ಜಾತಿಯ ಗುಳಿಗೆ ಕೆಲವರಲ್ಲಿ ಬಿಗಿ ಸ್ನಾಯುವನ್ನು ಸಡಿಲಿಸುತ್ತದೆ. ನೋವಿನ ಗುಳಿಗೆ ನೀವೇ ಬಿಡಬಹುದು. ಬಿಪಿಯದ್ದನ್ನೂ ಹೃದಯಕ್ಕೆ ಕೊಟ್ಟ ಆಸ್ಪಿರಿನ್ನನ್ನೂ ವೈದ್ಯರು ಹೇಳದೆ ಬಿಡಬಾರದು. ಯಾವ ಗುಳಿಗೆಯನ್ನೂ ಮಲಗುವ ಮುಂಚೆ ಒಂದು ಗುಟುಕಿನಲ್ಲಿ ನುಂಗಿ ಒರಗಬೇಡಿ. ಲೋಟ ತುಂಬ ನೀರು, ಅರ್ಧ ತಾಸು ಕೂತಿರುವುದು. ಪಕ್ಕದ ಮನೆಯವರ ನಿದ್ದೆ ಗುಳಿಗೆ, ಅಲ್ಪ್ರಜೋಲಮ್, ಕೇಳಿ ತಂದು ನುಂಗುವುದು ಬೇಡ. ಅದು ಬೇಗ ಚಟವಾಗುತ್ತದೆ.

ಎಂಟೂ ಮಾಡಿ ತಿಂಗಳಾದರೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಉರಿ ಇದ್ದರೆ

ಮೊದಲು ಪುಸ್ತಕ ನೋಡಿ, ಯಾವ ಹಂತ ನಿಜವಾಗಿ ನಡೆದಿಲ್ಲ ಎಂದು. ಹೆಚ್ಚಾಗಿ ಇಟ್ಟಿಗೆ ವಾರಕ್ಕೇ ತೆಗೆದಿರುತ್ತಾರೆ, ಇಲ್ಲವೆ ಉಸಿರಾಟ ಬಿಟ್ಟಿರುತ್ತಾರೆ. ಎಲ್ಲ ನಡೆದಿದ್ದರೆ ಆಸ್ಪತ್ರೆ: ಬಳ್ಳಾರಿಯವರು ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. ಒಪಿಡಿಯಲ್ಲಿ ಬರೀ "ಗ್ಯಾಸ್" ಎಂದು ಹೇಳಿದರೆ ಗ್ಯಾಸಿನ ಚೀಟಿಯೇ ಸಿಗುತ್ತದೆ. ಉರಿ ಎಷ್ಟು ತಿಂಗಳಿಂದ, ವಾರಕ್ಕೆ ಎಷ್ಟು ದಿನ, ರಾತ್ರಿ ಎಬ್ಬಿಸುತ್ತದೆಯೇ, ನುಂಗುವಾಗ ಸಿಕ್ಕುತ್ತದೆಯೇ, ಗಾಬರಿ ಯಾವಾಗ ಸೇರುತ್ತದೆ, ಇಷ್ಟನ್ನೂ ಹೇಳಿ. ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಯನ್ನು ಒಯ್ಯಿರಿ.

ಉರಿ ಇಳಿದು ಗಾಬರಿ ಮಾತ್ರ ಉಳಿದರೆ, ಅಥವಾ ಅದರ ಭಯದಿಂದ ಊಟ, ಪ್ರಯಾಣ, ಕೆಲಸ ತಪ್ಪುತ್ತಿದ್ದರೆ ಮನೋವೈದ್ಯರ ಸರದಿ. ಜಿಲ್ಲಾ ಕೇಂದ್ರದ ಈ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವನ್ನು ವಿಚಾರಿಸಿ. ಹೋಗಲು ಹಿಂಜರಿಕೆಯಿದ್ದರೆ ಮೊದಲು ಟೆಲಿಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಂಡೋಸ್ಕೋಪಿ ಬರೆದುಕೊಟ್ಟರೆ ಹೆದರಬೇಡಿ. ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದು ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ. 6ರಿಂದ 8 ತಾಸು ಹೊಟ್ಟೆ ಖಾಲಿ ಇರಬೇಕು, ಬೆಳಗಿನ ಚಹಾ ಕೂಡ ಸೇರಿ. ಸಕ್ಕರೆ ಕಾಯಿಲೆಯವರು ಅಂದಿನ ಗುಳಿಗೆ, ಇನ್ಸುಲಿನ್ ಏನು ಮಾಡಬೇಕೆಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು. ನಿದ್ದೆಯ ಇಂಜೆಕ್ಷನ್ ಕೊಡುವುದಿದ್ದರೆ ಜೊತೆಗೊಬ್ಬರು ಬರಲಿ, ಅಂದು ಗಾಡಿ ಓಡಿಸಬೇಡಿ. ಗಂಟಲ ಮರಗಟ್ಟು ಪೂರ್ತಿ ಇಳಿಯುವವರೆಗೆ ನೀರು ಕೂಡ ಬೇಡ, ಆಮೇಲೆ ಮೊದಲ ತುತ್ತು ಆರಿದ ಗಂಜಿಯದ್ದಿರಲಿ.